ಅಶೋಕ ಕಟ್ಟಿದ ನಾಡು, ನಾವು ಕಟ್ಟಿಕೊಂಡ ನಾಡು: ಎರಡರ ಒಗ್ಗಟ್ಟೂ ಒಂದೇನಾ?

ಪ್ರಶ್ನೆ ಇಷ್ಟೇ. ಇಂದಿನ ಭಾರತದ ಒಗ್ಗಟ್ಟಿಗೆ ಮೌರ್ಯರ ಸಾಮ್ರಾಜ್ಯವೇ ಬುನಾದಿ ಎನ್ನಬಹುದೇ? ಒಬ್ಬರಿಗೆ ಪರವಾಗಿ, ಇನ್ನೊಬ್ಬರಿಗೆ ವಿರೋಧವಾಗಿ ಬರೆಯಲು ಕೇಳಿದ್ದೆವು.

ಪರ: ತಳಪಾಯ ಅಲ್ಲೇ ಇದೆ

ಚಿತ್ರದುರ್ಗದ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಬಹಳ ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಪರವಾಗಿ ಬರೆಯಿರಿ ಎಂದಾಗ ಎರಡು ದಿನ ಯೋಚಿಸಿದೆ. ಈ ಮಾತನ್ನು ನಾನು ನೂರಕ್ಕೆ ನೂರು ಒಪ್ಪುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಒಪ್ಪುವ ಅರ್ಧ ಇದೆಯಲ್ಲ, ಅದು ಗಟ್ಟಿಯಾಗಿದೆ.

ಪ್ರತಿ ವರ್ಷ ಮಕ್ಕಳನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋಗುತ್ತಿದ್ದೆ. ಬಿಸಿಲು ಏರುವ ಮೊದಲೇ ಅಲ್ಲಿರಬೇಕು. ಅಲ್ಲಿನ ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರ ಸುಮಾರಿಗೆ ಪತ್ತೆ ಮಾಡಿದರು. ಅದು ಶುರುವಾಗುವ ರೀತಿ ನೋಡಿ. ಸುವರ್ಣಗಿರಿಯಿಂದ, ಆರ್ಯಪುತ್ರ ಮತ್ತು ಮಹಾಮಾತ್ರರ (ಅಂದರೆ ದೊಡ್ಡ ಅಧಿಕಾರಿಗಳ) ಮಾತಿನಂತೆ, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಹೀಗೆ ಹೇಳಬೇಕು ಎಂದು. ಮಕ್ಕಳಿಗೆ ನಾನು ಹೇಳುತ್ತಿದ್ದೆ, ಇದೊಂದು ಸುತ್ತೋಲೆ ಕಣ್ರೋ. ದೊರೆಯ ಮಾತು ಪಾಟಲಿಪುತ್ರದಿಂದ ಹೊರಟು ಸುವರ್ಣಗಿರಿಯ ರಾಜಕುಮಾರನಿಗೆ ಬಂತು. ಅಲ್ಲಿಂದ ಇಸಿಲಕ್ಕೆ, ಅಂದರೆ ಈ ಬ್ರಹ್ಮಗಿರಿಯ ಊರಿಗೆ ಬಂತು. ಇವತ್ತು ದೆಹಲಿಯ ಆದೇಶ ಬೆಂಗಳೂರಿಗೆ ಬಂದು, ಡಿಸಿ ಆಫೀಸಿಗೆ ಹೋಗಿ, ಕೊನೆಗೆ ತಹಶೀಲ್ದಾರರ ಮೇಜಿನ ಮೇಲೆ ಬೀಳುತ್ತದಲ್ಲ, ದಾರಿ ಅದೇ. ಮಕ್ಕಳಿಗೆ ಅದು ತಕ್ಷಣ ಅರ್ಥವಾಗುತ್ತಿತ್ತು. ಅವರಲ್ಲಿ ಅರ್ಧ ಜನ ಜಾತಿ ಪ್ರಮಾಣಪತ್ರಕ್ಕೆ ತಾಲ್ಲೂಕು ಕಚೇರಿಯ ಮುಂದೆ ನಿಂತು ಬಂದವರೇ.

ನನ್ನ ವಾದದ ಜೀವ ಇಲ್ಲೇ ಇದೆ. ಒಂದು ದೊಡ್ಡ ನೆಲವನ್ನು ಒಂದಾಗಿ ಇಡಬೇಕಾದರೆ ಅದನ್ನು ಒಂದಾಗಿ ಕಲ್ಪಿಸಿಕೊಳ್ಳುವವರು ಮೊದಲು ಹುಟ್ಟಬೇಕು. ನಮ್ಮಲ್ಲಿ ಆ ಕಲ್ಪನೆಯನ್ನು ಆಡಳಿತವಾಗಿ ಮಾಡಿ ತೋರಿಸಿದವರು ಮೌರ್ಯರು. ತಕ್ಷಶಿಲೆ, ಉಜ್ಜಯಿನಿ, ತೋಸಲಿ, ಸುವರ್ಣಗಿರಿ ಎಂದು ನಾಲ್ಕು ದಿಕ್ಕಿಗೆ ನಾಲ್ಕು ಪ್ರಾಂತ್ಯ ಕೇಂದ್ರಗಳು. ಯುಕ್ತ, ರಜ್ಜುಕ, ಪ್ರಾದೇಶಿಕ ಎಂಬ ಅಧಿಕಾರಿಗಳು ಐದು ವರ್ಷಕ್ಕೊಮ್ಮೆ ಊರೂರು ಸುತ್ತಬೇಕು ಎಂದು ಮೂರನೆಯ ಬಂಡೆ ಶಾಸನ ಹೇಳುತ್ತದೆ. ನಾನು ಊಟ ಮಾಡುತ್ತಿರಲಿ, ಒಳಮನೆಯಲ್ಲಿರಲಿ, ಜನರ ಕೆಲಸದ ಸುದ್ದಿಯನ್ನು ಯಾವ ಹೊತ್ತಿನಲ್ಲೂ ನನಗೆ ತಿಳಿಸಿ ಎಂದು ಆರನೆಯದು ಹೇಳುತ್ತದೆ. ದಾರಿ ಬದಿಗೆ ಮರ, ಬಾವಿ. ಮನುಷ್ಯರಿಗೂ ಪ್ರಾಣಿಗಳಿಗೂ ಔಷಧ. ಇದೆಲ್ಲ ಕ್ರಿಸ್ತಪೂರ್ವ ಮೂರನೆಯ ಶತಮಾನದ ಮಾತು.

ಇನ್ನು ಲಿಪಿ. ನೀವು ಈಗ ಓದುತ್ತಿರುವ ಈ ಅಕ್ಷರಗಳ ಮೂಲ ಎಲ್ಲಿದೆ? ಅಶೋಕನ ಬ್ರಾಹ್ಮಿಯಲ್ಲಿ. ಕನ್ನಡ, ತಮಿಳು, ಬಂಗಾಳಿ, ದೇವನಾಗರಿ, ಗುರುಮುಖಿ ಎಲ್ಲವೂ ಆ ಒಂದೇ ಬಳ್ಳಿಯ ಕವಲುಗಳು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕಾಶಿಗೆ ಹೋದ ಮೊದಲ ಸಲ ಅಂಗಡಿ ಬೋರ್ಡಿನ ಅಕ್ಷರಗಳನ್ನು ನಾನು ತಡವರಿಸಿಕೊಂಡು ಓದಿದೆ. ಗಕಾರ ನಮ್ಮ ಗಕಾರದ ಹಾಗೆ ಕಾಣುವುದಿಲ್ಲ. ಆದರೆ ಕಾಗುಣಿತ ಅದೇ, ವರ್ಣಮಾಲೆಯ ಸಾಲು ಅದೇ. ನನ್ನ ಜೊತೆಗಿದ್ದ ಮೊಮ್ಮಗಳು ಎರಡು ದಿನದಲ್ಲಿ ಎಲ್ಲ ಬೋರ್ಡುಗಳನ್ನು ಓದತೊಡಗಿದಳು. ಈ ಸಲೀಸು ಸುಮ್ನೆ ಬಂದಿದ್ದಲ್ಲ.

ನೆನಪು ಕೂಡ ಉಳಿಯಿತು. ಗುಜರಾತಿನ ಜುನಾಗಢದಲ್ಲಿ ಒಂದೇ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಕ್ರಿ.ಶ. 150ರ ಹೊತ್ತಿನ ಶಕ ರಾಜ ರುದ್ರದಾಮನ ಶಾಸನವಿದೆ. ಗುಪ್ತರ ಸ್ಕಂದಗುಪ್ತನದೂ ಇದೆ. ಸುದರ್ಶನ ಕೆರೆಯನ್ನು ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಪುಷ್ಯಗುಪ್ತ ಕಟ್ಟಿಸಿದ, ಅಶೋಕನ ಕಾಲದಲ್ಲಿ ತುಷಾಸ್ಫ ಕಾಲುವೆ ತೆಗೆಸಿದ ಎಂದು ರುದ್ರದಾಮ ಬರೆಸುತ್ತಾನೆ. ನಡುವೆ ನಾನ್ನೂರು ವರ್ಷ ಕಳೆದಿದೆ, ವಂಶ ಬೇರೆ, ರಾಜ ಬೇರೆ. ಆದರೂ ಕೆರೆಯ ಯಜಮಾನಿಕೆಯ ಲೆಕ್ಕವನ್ನು ಮೌರ್ಯರಿಂದಲೇ ಶುರು ಮಾಡುತ್ತಾನೆ. 1947ರಲ್ಲಿ ಇದೇ ಜುನಾಗಢದ ನವಾಬರು ಪಾಕಿಸ್ತಾನಕ್ಕೆ ಸೇರುತ್ತೇವೆ ಎಂದರು. 1948ರ ಫೆಬ್ರುವರಿಯಲ್ಲಿ ಜನಮತ ತೆಗೆದುಕೊಂಡಾಗ ಜನ ಭಾರತ ಎಂದರು. ನಮ್ಮ ಶ್ರವಣಬೆಳಗೊಳದಲ್ಲೂ ಚಂದ್ರಗುಪ್ತ ಜೈನ ಮುನಿ ಭದ್ರಬಾಹುವಿನ ಜೊತೆ ಬಂದು ದೇಹ ಬಿಟ್ಟ ಎಂಬ ನಂಬಿಕೆ ಇದೆ. ಚಂದ್ರಗಿರಿ ಎಂಬ ಹೆಸರೇ ಅದಕ್ಕೆ ಅಂಟಿಕೊಂಡಿದೆ.

ಸ್ವತಂತ್ರ ಭಾರತವನ್ನು ಕಟ್ಟಿದವರಿಗೂ ಇದು ಗೊತ್ತಿತ್ತು. 1947ರ ಜುಲೈ 22ರಂದು ಬಾವುಟವನ್ನು ಒಪ್ಪಿಕೊಂಡಾಗ ನಡುವೆ ಚರಕದ ಬದಲು 24 ಕಡ್ಡಿಗಳ ಅಶೋಕ ಚಕ್ರ ಬಂತು. 1950ರ ಜನವರಿ 26ರಂದು ಸಾರನಾಥದ ಸಿಂಹಗಳು ನಮ್ಮ ಲಾಂಛನವಾದವು. ಮೊಘಲರ ಗುರುತನ್ನಾಗಲಿ ಗುಪ್ತರ ಗುರುತನ್ನಾಗಲಿ ಅವರು ಆರಿಸಿಕೊಳ್ಳಲಿಲ್ಲ.

ಮೌರ್ಯರು ಸೈನ್ಯದಿಂದ ಗೆದ್ದರು, ನಾವು ಒಪ್ಪಿಗೆಯಿಂದ ಕೂಡಿದೆವು ಎಂದು ಎದುರು ಪಕ್ಷದವರು ಹೇಳಬಹುದು. ಹೈದರಾಬಾದಿಗೆ 1948ರ ಸೆಪ್ಟೆಂಬರ್ 13ರಂದು ಹೋಗಿದ್ದು ಸೈನ್ಯವೇ. ಸಾಮ್ರಾಜ್ಯ ಅಶೋಕ ಸತ್ತು ಐವತ್ತು ವರ್ಷದಲ್ಲಿ ಬಿತ್ತು ಎಂದೂ ಹೇಳಬಹುದು. ಮನೆ ಬಿತ್ತು ನಿಜ. ಪಾಳು ಬಿದ್ದ ಮನೆಯ ತಳಪಾಯದ ಮೇಲೆ ಹೊಸ ಮನೆ ಕಟ್ಟುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ.

ಆದರೆ ಒಂದು ಮಾತು ಮುಚ್ಚಿಡಲಾರೆ. 1947ರಲ್ಲೇ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆತ ಮಾಡಿಸಿದರು. ಪಾಟಲಿಪುತ್ರದಂಥ ಊರು ಅಲ್ಲಿ ಏಳಲಿಲ್ಲ. ಎದ್ದು ಬಂದಿದ್ದು ದೊಡ್ಡ ದೊಡ್ಡ ಕಲ್ಲು ನೆಟ್ಟ ಗೋರಿಗಳು, ಕಪ್ಪು ಕೆಂಪು ಮಡಕೆಗಳು, ಕಬ್ಬಿಣದ ಹತಾರಗಳು. ಅಲ್ಲಿನ ಜನ ತಮ್ಮ ಪಾಡಿಗೆ ತಾವು ಬದುಕಿದ್ದರು. ಬಂಡೆಯ ಮೇಲಿನ ಮಾತು ಅವರ ಮನೆಯೊಳಗೆ ಎಷ್ಟು ಇಳಿದಿತ್ತೋ ಹೇಳುವುದು ಕಷ್ಟ. ಇದನ್ನು ಮಕ್ಕಳಿಗೂ ಹೇಳುತ್ತಿದ್ದೆ.

ಆಮೇಲೆ ಶಾಸನದ ಕೊನೆಯ ಸಾಲು ತೋರಿಸುತ್ತಿದ್ದೆ. ಕೆತ್ತಿದವನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ. 'ಲಿಪಿಕಾರ' ಎಂದು ತನ್ನ ಕಸುಬನ್ನು ಹೇಳಿಕೊಳ್ಳುವಾಗ ಮಾತ್ರ ಅವನು ಖರೋಷ್ಠಿಯಲ್ಲಿ ಬರೆಯುತ್ತಾನೆ. ಅದು ಬಲದಿಂದ ಎಡಕ್ಕೆ ಹೋಗುವ ಲಿಪಿ. ಪೇಷಾವರದ ಕಡೆ ಬಳಕೆಯಲ್ಲಿದ್ದದ್ದು. ಅಲ್ಲಿಯ ಅಕ್ಷರ ಬಲ್ಲ ಒಬ್ಬ ಕೆಲಸಗಾರ ಮೊಳಕಾಲ್ಮೂರಿನ ಬಂಡೆಯ ಮುಂದೆ ಉಳಿ ಹಿಡಿದು ಕೂತಿದ್ದ. ಒಂದೇ ಸರಕಾರದ ಕೆಲಸಕ್ಕೆ ಅಷ್ಟು ದೂರ ಬಂದಿದ್ದ. ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗ ಕೇಳುತ್ತಿದ್ದ, ಸಾರ್, ಅವನು ವಾಪಸ್ ಊರಿಗೆ ಹೋದನಾ ಎಂದು.

ವಿರೋಧ: ಬಂಡೆ ನಮ್ಮನ್ನು ಕೇಳಲಿಲ್ಲ

ನಮ್ಮ ಅಜ್ಜಿಯ ಊರು ಕೊಪ್ಪಳದ ಹತ್ತಿರ. ಕೊಪ್ಪಳದಲ್ಲಿ ಅಶೋಕನ ಶಾಸನ ಒಂದಲ್ಲ, ಎರಡಿವೆ. ಒಂದು ಗವಿಮಠದ ಬೆಟ್ಟದ ಮೇಲೆ, ಇನ್ನೊಂದು ಪಲ್ಕಿಗುಂಡಿನಲ್ಲಿ. ಎರಡು ಬಂಡೆಗಳ ಮೇಲೆ ಒಂದು ದೊಡ್ಡ ಗುಂಡು ಪಲ್ಲಕ್ಕಿ ಹೊತ್ತ ಹಾಗೆ ಕೂತಿದೆ, ಅದಕ್ಕೇ ಆ ಹೆಸರು. ಅಜ್ಜಿ ಚಿಕ್ಕವಳಿದ್ದಾಗಿಂದ ಜಾತ್ರೆಗೆ ಹೋದಾಗೆಲ್ಲ ಆ ಗುಂಡು ನೋಡಿದ್ದಳು. ಅದರ ಕೆಳಗೆ ರಾಜನ ಮಾತು ಇದೆ ಎಂದು ಅವಳಿಗೆ ಗೊತ್ತಾಗಿದ್ದು ನಾನು ಕಾಲೇಜಿಗೆ ಹೋಗಿ ಬಂದು ಹೇಳಿದ ಮೇಲೆ. ಅವಳು ಕೇಳಿದ ಮೊದಲ ಪ್ರಶ್ನೆ, ಯಾರಿಗೆ ಹೇಳಿದ್ದು ಅದು?

ನಾನು ಈ ಬರಹವನ್ನು ಆ ಪ್ರಶ್ನೆಯ ಮೇಲೆಯೇ ನಿಲ್ಲಿಸುತ್ತೇನೆ. ಯಾರಿಗೆ ಹೇಳಿದ್ದು? ನಮಗಂತೂ ಅಲ್ಲ.

1958ರಲ್ಲಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ಅಶೋಕನ ಒಂದು ಶಾಸನ ಸಿಕ್ಕಿತು. ಅದು ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿದೆ. ಅಲ್ಲಿದ್ದ ಗ್ರೀಕರಿಗೆ ಅವರ ಭಾಷೆಯಲ್ಲಿ ಹೇಳಿದ. ಅರಾಮಿಕ್ ಬಲ್ಲವರಿಗೆ ಅದರಲ್ಲೇ ಹೇಳಿದ. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿ, ನಿಟ್ಟೂರು, ಉಡೇಗೋಳ, ಸನ್ನತಿ, ಹೀಗೆ ಕನ್ನಡ ನೆಲದಲ್ಲಿ ಇಷ್ಟೊಂದು ಶಾಸನ ಹಾಕಿಸಿದ. ಒಂದರಲ್ಲೂ ನಮ್ಮ ಮಾತಿಲ್ಲ. ಎಲ್ಲ ಪ್ರಾಕೃತ. ಆಗ ಕನ್ನಡಕ್ಕೆ ಬರಹ ಇರಲಿಲ್ಲ ಎನ್ನುತ್ತಾರೆ, ಒಪ್ಪುತ್ತೇನೆ. ಹಲ್ಮಿಡಿಗೆ ಇನ್ನೂ ಏಳು ಶತಮಾನ ಬಾಕಿ ಇತ್ತು. ಆದರೆ ಮಾತಾಡುವ ಜನ ಇದ್ದರಲ್ಲ? ಇಸಿಲ ಎಂಬ ಊರ ಹೆಸರೇ ಕನ್ನಡದ್ದು ಎಂದು ವಿದ್ವಾಂಸರು ವಾದಿಸಿದ್ದಾರೆ. ಊರಿನ ಹೆಸರು ಮಾತ್ರ ನಮ್ಮದು, ಆದೇಶ ಅವರದ್ದು. ಅಧಿಕಾರಿಯಿಂದ ಅಧಿಕಾರಿಗೆ ಹೋದ ಕಾಗದವನ್ನು ಜನರ ಒಗ್ಗಟ್ಟು ಎಂದು ಕರೆಯುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಬಂಡೆ ಇರುವ ಕಡೆಯೆಲ್ಲ ದೇಶ ಎಂದಾದರೆ ಕಂದಹಾರವೂ ನಮ್ಮದಾಗಬೇಕು, ಪಾಕಿಸ್ತಾನದ ಶಹಬಾಜ್‌ಗಢಿಯೂ ನಮ್ಮದಾಗಬೇಕು. ಮದುರೆ, ತಂಜಾವೂರು, ಕೇರಳ ಹೊರಗಿರಬೇಕು. ಯಾಕೆಂದರೆ ಚೋಳರು, ಪಾಂಡ್ಯರು, ಕೇರಳಪುತ್ರರು ತನ್ನ ಗಡಿಯಾಚೆಯವರು ಎಂದು ಅಶೋಕನೇ ಬರೆಸಿದ್ದಾನೆ. ಮೌರ್ಯರ ನಕ್ಷೆಗೂ ಇಂದಿನ ನಕ್ಷೆಗೂ ಹೊಂದುವುದೇ ಇಲ್ಲ. ಇಷ್ಟು ಹೇಳಿದ ಮೇಲೂ ಅದೇ ಬುನಾದಿ ಎನ್ನುವವರು ಪುಸ್ತಕದ ಬಣ್ಣದ ನಕ್ಷೆ ನೋಡಿ ಮಾತಾಡುತ್ತಾರೆ.

ಕಳಿಂಗದ ಮಾತು ಬಾರದೆ ಇರುವುದಿಲ್ಲ. ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದರು, ಒಂದು ಲಕ್ಷ ಜನ ಸತ್ತರು, ಅದಕ್ಕೂ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು ಎಂದು ಹದಿಮೂರನೆಯ ಬಂಡೆ ಶಾಸನ ಹೇಳುತ್ತದೆ. ಅಶೋಕ ಪಶ್ಚಾತ್ತಾಪಪಟ್ಟ. ಆ ಪಶ್ಚಾತ್ತಾಪ ನಿಜವಾದದ್ದು ಎಂದೇ ನಾನು ನಂಬುತ್ತೇನೆ. ಆದರೆ ಅದನ್ನು ಎಲ್ಲಿ ಕೆತ್ತಿಸಿದ ನೋಡಿ. ಗುಜರಾತಿನ ಗಿರ್ನಾರಿನಲ್ಲಿ ಇದೆ. ಶಹಬಾಜ್‌ಗಢಿಯಲ್ಲಿ ಇದೆ. ಕಳಿಂಗದ ಧೌಳಿಯಲ್ಲಿ, ಜೌಗಡದಲ್ಲಿ ಮಾತ್ರ ಆ ಶಾಸನ ಇಲ್ಲ. ಯಾರ ಮನೆಯ ದೀಪ ಆರಿತೋ ಅವರಿಗೆ ಆ ಮಾತು ಹೇಳಲೇ ಇಲ್ಲ. ಅದರ ಬದಲು ಅಲ್ಲಿ ಹಾಕಿಸಿದ್ದು, ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು. ಅದೇ ಹದಿಮೂರನೆಯ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆಯೂ ಇದೆ. ಪಶ್ಚಾತ್ತಾಪಪಟ್ಟರೂ ನನಗೆ ಶಕ್ತಿ ಇದೆ, ನಾಚಿಕೊಂಡು ತಿದ್ದಿಕೊಳ್ಳಿ, ಇಲ್ಲದಿದ್ದರೆ ಸಾಯುತ್ತೀರಿ ಎಂಬ ಅರ್ಥದ ಮಾತು.

ಮಕ್ಕಳು ಎಂದ. ಒಳ್ಳೆಯ ಮಾತು. ಒಳ್ಳೆಯ ತಂದೆಯೂ ಇದ್ದಿರಬಹುದು. ಆದರೆ ತಂದೆಯನ್ನು ಮಕ್ಕಳು ಆರಿಸುವುದಿಲ್ಲ, ಬೇಡ ಎಂದು ಇಳಿಸುವುದೂ ಇಲ್ಲ. ನಮ್ಮ ಇಂದಿನ ಒಗ್ಗಟ್ಟಿನ ತಿರುಳೇ ಅದು. ನಮ್ಮನ್ನು ಕೇಳಿದರು. ತಡವಾಗಿ ಕೇಳಿದರು, ಕೆಲವು ಸಲ ಒರಟಾಗಿ ಕೇಳಿದರು. ಆದರೆ ಕೇಳಿದರು.

ಕೇಳುವುದು ಅಂದರೆ ಏನು ಎಂದು ನನಗೆ ಗೊತ್ತಾಗಿದ್ದು ಅಜ್ಜಿಯಿಂದ. ಅವಳ ಕಾಲದಲ್ಲಿ ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಗ ಅದು ರಾಯಚೂರು ಜಿಲ್ಲೆಗೆ ಸೇರಿತ್ತು. ಪಶ್ಚಿಮಕ್ಕೆ ಹೋದರೆ ಗದಗ, ಮುಂಡರಗಿ. ಅದು ಬೊಂಬಾಯಿ ಪ್ರಾಂತ್ಯ. ತುಂಗಭದ್ರೆ ದಾಟಿದರೆ ಹೊಸಪೇಟೆ. ಅದು ಮದರಾಸು ಪ್ರಾಂತ್ಯ. ಅಜ್ಜಿಯ ತವರು ಒಂದು ಸರಕಾರದಲ್ಲಿ, ಅಕ್ಕನ ಮನೆ ಇನ್ನೊಂದು ಸರಕಾರದಲ್ಲಿ, ದೊಡ್ಡಮ್ಮನ ಮನೆ ಮೂರನೆಯದರಲ್ಲಿ. ಎಲ್ಲರೂ ಕನ್ನಡದವರೇ. ಎಲ್ಲರ ಮನೆಯಲ್ಲೂ ಅದೇ ಜೋಳದ ರೊಟ್ಟಿ, ಅದೇ ಪುಂಡಿ ಪಲ್ಯ. ನಡುವೆ ನಾಕಾ. ಗಂಟು ಬಿಚ್ಚಿ ತೋರಿಸಬೇಕು. ಕರೋಡಗಿರಿ ಕೊಡಬೇಕು, ಅಂದರೆ ಸುಂಕ.

ದುಡ್ಡೂ ಬೇರೆ. ನಿಜಾಮರ ರೂಪಾಯಿಗೆ ಹಾಲಿ ಎನ್ನುತ್ತಿದ್ದರು. ಬ್ರಿಟಿಷ್ ರೂಪಾಯಿಗೆ ಕಲ್ದಾರ. ಏಳು ಹಾಲಿ ಕೊಟ್ಟರೆ ಹೆಚ್ಚು ಕಡಿಮೆ ಆರು ಕಲ್ದಾರ. 1945ರ ಫೆಬ್ರುವರಿಯಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ನದಿಯ ಈ ದಡದಲ್ಲಿ ಹೈದರಾಬಾದು, ಆ ದಡದಲ್ಲಿ ಮದರಾಸು. ಒಂದೇ ಒಡ್ಡು, ಎರಡು ಸರಕಾರ. ಅಜ್ಜ ಮುನಿರಾಬಾದ್ ಕಡೆ ಕಲ್ಲು ಹೊರುವ ಕೆಲಸಕ್ಕೆ ಹೋದ. ಅವನಿಗೆ ಕೂಲಿ ಹಾಲಿಯಲ್ಲಿ. ಹೊಸಪೇಟೆ ಸಂತೆಗೆ ಹೋದರೆ ಕಲ್ದಾರ ಬೇಕು. ಪ್ರತಿ ವಾರ ಬಟವಾಡೆ ಆದ ಮೇಲೆ ಅಜ್ಜಿ ನೆಲದ ಮೇಲೆ ಕಡಲೆಕಾಳು ಇಟ್ಟು ಎಷ್ಟಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದಳಂತೆ. ಅವಳಿಗೆ ಅಕ್ಷರ ಬಾರದು. ಏಳರ ಮಗ್ಗಿ ಮಾತ್ರ ಕೊನೆವರೆಗೂ ಬಾಯಿಯಲ್ಲಿತ್ತು.

ಒಗ್ಗಟ್ಟು ಎಂಬುದು ಇಂಥ ಕಡೆ ಇರುತ್ತದೆ ಎಂದು ನನ್ನ ನಂಬಿಕೆ. ಯಾವ ದುಡ್ಡು ಎಲ್ಲಿ ನಡೆಯುತ್ತದೆ, ನಾಕಾದಲ್ಲಿ ಯಾರು ತಡೆಯುತ್ತಾರೆ, ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂಬಲ್ಲಿ. ಅಜ್ಜಿಯ ಕಾಲದಲ್ಲಿ ಕಚೇರಿ ಭಾಷೆ ಉರ್ದು. ಕನ್ನಡ ಶಾಲೆ ಬೇಕೆಂದು ಜನ ಬೇಡಿಕೊಳ್ಳಬೇಕಿತ್ತು. ಪಲ್ಕಿಗುಂಡಿನ ಕೆಳಗೆ ಎರಡು ಸಾವಿರ ವರ್ಷದಿಂದ ಒಂದು ಶಾಸನ ಕೂತಿತ್ತು. ಅದರಿಂದ ಒಂದು ನಾಕಾವೂ ತೆರವಾಗಲಿಲ್ಲ.

1947ರ ಆಗಸ್ಟ್ ಬಂತು. ದೇಶಕ್ಕೆ ಸ್ವಾತಂತ್ರ್ಯ, ಕೊಪ್ಪಳಕ್ಕೆ ಇಲ್ಲ. ಸುಮಾರು 560 ಸಂಸ್ಥಾನಗಳಲ್ಲಿ ಹೆಚ್ಚಿನವು ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರು ವಿಷಯ ಬಿಟ್ಟುಕೊಟ್ಟು ಸಹಿ ಹಾಕಿದವು. ಪಟೇಲರು, ಅವರ ಕಾರ್ಯದರ್ಶಿ ವಿ.ಪಿ. ಮೆನನ್ ಒಬ್ಬೊಬ್ಬರನ್ನೂ ಕೂರಿಸಿ ಮಾತಾಡಿದರು. ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಸಹಿ ಹಾಕಿದರು. ಆದರೆ ಅಷ್ಟಕ್ಕೆ ಜನ ಸುಮ್ಮನಾಗಲಿಲ್ಲ. ರಾಜರ ಸಹಿ ಸಾಕಾಗುವುದಿಲ್ಲ, ಜವಾಬ್ದಾರಿ ಸರಕಾರ ಬೇಕು ಎಂದು ಮೈಸೂರು ಚಲೋ ನಡೆಸಿದರು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ರಾಜ ಕೂಡಿಕೊಂಡಿದ್ದು ಒಂದು ದಿನ, ಜನ ಕೂಡಿಕೊಂಡಿದ್ದು ಇನ್ನೊಂದು ದಿನ. ಎರಡನೆಯದೇ ನಿಂತಿದ್ದು.

ನಿಜಾಮರು ನವೆಂಬರ್‌ನಲ್ಲಿ ಭಾರತದ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡರು. ಆ ವರ್ಷ ನಮ್ಮ ಕಡೆ ಹೇಗಿತ್ತು ಎಂದು ಈಗ ಹೇಳಿದರೆ ನಂಬುವುದು ಕಷ್ಟ. ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟದ ಶಿಬಿರಗಳು ಎದ್ದವು. ಈ ಕಡೆ ಹಳ್ಳಿಗಳು ಸಂಜೆಯಾದರೆ ದೀಪ ಹಚ್ಚುತ್ತಿರಲಿಲ್ಲ. ಒಂದು ರಾತ್ರಿ ಅಜ್ಜ ಎತ್ತಿನ ಕೊರಳ ಗಂಟೆ ಬಿಚ್ಚಿ, ಗಾಡಿಯಲ್ಲಿ ಅಜ್ಜಿಯನ್ನೂ ಎರಡು ಮಕ್ಕಳನ್ನೂ ಕೂರಿಸಿಕೊಂಡು ಗದಗಿನ ದಾರಿ ಹಿಡಿದ. ಅವಳು ತಂದಿದ್ದು ಒಂದು ಬೀಸುಕಲ್ಲು. ಗಂಡ ಬೈದನಂತೆ, ಭಾರದ್ದನ್ನು ಯಾಕೆ ತಂದೆ ಎಂದು. ಇನ್ನೊಬ್ಬರ ಮನೆಯಲ್ಲಿ ಬೀಸುಕಲ್ಲು ಕೇಳಬಾರದು ಎಂದಳಂತೆ. ಆ ಕಲ್ಲು ಈಗಲೂ ನಮ್ಮ ಮನೆಯ ಹಿತ್ತಲಲ್ಲಿದೆ.

ಸೈನ್ಯ ಬಂತಲ್ಲ, ಅದು ಒಪ್ಪಿಗೆಯೇ ಎಂದು ಕೇಳುತ್ತಾರೆ. ಬಂತು. ಸೆಪ್ಟೆಂಬರ್ 17ರಂದು ನಿಜಾಮರು ಸೋತೆವೆಂದರು. ಅಜ್ಜಿ ಗಾಡಿ ಹೂಡಿಸಿಕೊಂಡು ಊರಿಗೆ ಬಂದಳು. ಬಂದಾಗ ಓಣಿಯ ತುದಿಯ ಬಳೆಗಾರರ ಮನೆಗೆ ಬೀಗವಿತ್ತು. ಅವರು ಮುಸ್ಲಿಮರು. ನನ್ನ ಮದುವೆಗೆ ಬಳೆ ತೊಡಿಸಿದವರು ಎಂದು ಅಜ್ಜಿ ಹೇಳುತ್ತಿದ್ದಳು. ಅವರು ಎಲ್ಲಿ ಹೋದರು, ಏನಾದರು, ಯಾರೂ ಹೇಳಲಿಲ್ಲ. ಆ ದಿನಗಳಲ್ಲಿ ಅಂಥ ಮನೆಗಳು ಬೇಕಾದಷ್ಟಿದ್ದವು. ವಯಸ್ಸಾದ ಮೇಲೂ ಆ ಓಣಿ ದಾಟುವಾಗ ಅವಳು ಮಾತು ನಿಲ್ಲಿಸುತ್ತಿದ್ದಳು. ಅದರ ಬಗ್ಗೆ ಇನ್ನೂ ಹೇಳು ಎಂದರೆ ಸೆರಗು ಸರಿ ಮಾಡಿಕೊಂಡು ಎದ್ದು ಹೋಗುತ್ತಿದ್ದಳು.

ಆದರೆ 1952ರ ಕತೆಯನ್ನು ನೂರು ಸಲ ಹೇಳಿದ್ದಾಳೆ. ಮೊದಲ ಚುನಾವಣೆ. ದೇಶದಲ್ಲಿ 17 ಕೋಟಿಗೂ ಹೆಚ್ಚು ಮತದಾರರು. ಉತ್ತರದ ಕಡೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದು ಬರೆಸಿದ್ದರಿಂದ ಸುಮಾರು 28 ಲಕ್ಷ ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಹೆಸರು ಹೇಳುವುದು ಅಷ್ಟು ದೊಡ್ಡ ವಿಷಯ ಆಗ. ಅಜ್ಜಿಯ ಬಾಗಿಲಿಗೂ ಪಟ್ಟಿ ಬರೆಯುವವರು ಬಂದರು. ಅಜ್ಜ ಒಳಗಿಂದ ತನ್ನ ಹೆಸರು ಹೇಳಿದ. ಬರೆಯುವವನು ತಲೆ ಎತ್ತದೆ, ಆಯಮ್ಮನ ಹೆಸರು ಎಂದ. ಅವಳಿಗೆ ಆವತ್ತಿನವರೆಗೆ ಸರಕಾರದ ಕಡೆಯಿಂದ ಯಾರೂ ಹೆಸರು ಕೇಳಿರಲಿಲ್ಲ. ನಾಕಾದಲ್ಲಿ ಗಂಟಿನಲ್ಲಿ ಏನಿದೆ ಎಂದು ಕೇಳಿದ್ದರು. ಹೆಸರು ಕೇಳಿರಲಿಲ್ಲ.

ಮೌರ್ಯರ ಅಧಿಕಾರಿಗಳು ಐದು ವರ್ಷಕ್ಕೊಮ್ಮೆ ಊರು ಸುತ್ತುತ್ತಿದ್ದರು ಎಂದು ಪರ ಬರೆಯುವವರು ಹೇಳಿಯೇ ಹೇಳುತ್ತಾರೆ. ನಮ್ಮಲ್ಲೂ ಐದು ವರ್ಷಕ್ಕೊಮ್ಮೆ ಊರು ಸುತ್ತುತ್ತಾರೆ. ಅವರು ಬುದ್ಧಿ ಹೇಳಲು ಬರುತ್ತಿದ್ದರು, ಇವರು ಓಟು ಕೇಳಲು ಬರುತ್ತಾರೆ. ಇವರಲ್ಲಿ ನೂರು ತಪ್ಪಿರಲಿ. ಕೈ ಮುಗಿಯುವುದು ಇವರು, ಅಜ್ಜಿ ಅಲ್ಲ.

ನೆನಪು ಉಳಿಯಿತು ಎಂಬ ವಾದವೂ ನನಗೆ ಹಿಡಿಸುವುದಿಲ್ಲ. 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನು ದೆಹಲಿಗೆ ಸಾಗಿಸಿದಾಗ ಅದರಲ್ಲಿ ಏನಿದೆ ಎಂದು ಓದಬಲ್ಲವನು ಒಬ್ಬನೂ ಸಿಗಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಓದಿದ ಮೇಲೆಯೇ ಆ ಬಾಯಿ ಮತ್ತೆ ತೆರೆದಿದ್ದು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂಬ ರಾಜ ಅಶೋಕನೇ ಎಂದು ಖಚಿತವಾಗಿದ್ದು 1915ರಲ್ಲಿ, ನಮ್ಮ ಮಸ್ಕಿಯಲ್ಲಿ. ಬೀಡನ್ ಎಂಬ ಎಂಜಿನಿಯರ್ ಚಿನ್ನ ಹುಡುಕುತ್ತಿದ್ದಾಗ ಆ ಬಂಡೆ ಕಂಡ. ಸನ್ನತಿಯಲ್ಲಂತೂ ಅಶೋಕನ ಶಾಸನದ ಕಲ್ಲನ್ನೇ ಕಾಳಿಕಾ ದೇವಿಯ ಪೀಠ ಮಾಡಿಕೊಂಡಿದ್ದರು. ಗುಡಿಯ ಚಾವಣಿ ಕುಸಿದು 1980ರ ದಶಕದಲ್ಲಿ ಅದು ಹೊರಬಂತು. ಅಲ್ಲಿ ಪೂಜೆ ಮಾಡಿದವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಕಲ್ಲು ಅವರಿಗೆ ಬೇರೆ ರೀತಿಯಲ್ಲಿ ಉಪಯೋಗವಾಯಿತು, ಅಷ್ಟೇ. ಆದರೆ ಇಷ್ಟು ಕಾಲ ಮರೆತದ್ದನ್ನು ಬುನಾದಿ ಎನ್ನುವುದು ಹೇಗೆ? ಚಕ್ರ, ಸಿಂಹ ನಾವು 1947ರ ನಂತರ ಪ್ರೀತಿಯಿಂದ ಆರಿಸಿಕೊಂಡದ್ದು. ಆರಿಸಿಕೊಂಡದ್ದು ನಾವು. ಲಿಪಿಯ ವಿಷಯಕ್ಕೆ ನಾನು ಹೋಗುವುದಿಲ್ಲ, ಅದು ಪಂಡಿತರ ಕ್ಷೇತ್ರ.

1956ರ ನವೆಂಬರ್ 1ರಂದು ಅಜ್ಜಿಯ ಮೂರು ಮನೆಗಳು ಒಂದೇ ರಾಜ್ಯಕ್ಕೆ ಬಂದವು. ಕಾಸರಗೋಡು ಬರಲಿಲ್ಲ, ಆ ನೋವು ಇನ್ನೂ ಇದೆ. ಹಾಲಿ ರೂಪಾಯಿ 1950ರ ದಶಕದ ಕೊನೆಗೆ ಪೂರ್ತಿ ಹೋಯಿತು. ನಮ್ಮ ಭಾಗ ಹಿಂದುಳಿದಿದೆ ಎಂದು ದಶಕಗಳ ಕಾಲ ಕೂಗಿದ ಮೇಲೆ 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ವಿಧಿ ಸೇರಿತು, ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲು ಕೊಡುವ ವಿಧಿ. ನಮ್ಮ ಮನೆಯ ಹುಡುಗಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದ್ದು ಆ ವಿಧಿಯಿಂದ. ನಮಗೆ ಕಡಿಮೆ ಸಿಕ್ಕಿದೆ, ಸರಿ ಮಾಡಿ ಎಂದು ಬೀದಿಗಿಳಿದು ಕೇಳಿ, ದೇಶದ ಮೂಲ ಕಾನೂನನ್ನೇ ತಿದ್ದಿಸಿದ್ದು ನಾವು. ಬಂಡೆಯನ್ನು ಹಾಗೆ ತಿದ್ದಿಸಲು ಬರುತ್ತದೆಯೇ?

ಮತಗಟ್ಟೆಯಲ್ಲಿ ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಗುರುತಿನ ಚಿತ್ರ. ಅಜ್ಜಿ ಯಾವ ಪೆಟ್ಟಿಗೆಗೆ ಚೀಟಿ ಹಾಕಿದಳು ಎಂದು ಅಜ್ಜ ಕೊನೆವರೆಗೂ ಕೇಳಿದ. ಅವಳು ಹೇಳಲಿಲ್ಲ. ನನಗೂ ಹೇಳಲಿಲ್ಲ. ಬೆರಳಿಗೆ ಹಚ್ಚಿದ ಮಸಿ ರೊಟ್ಟಿ ಹಿಟ್ಟಿಗೆ ತಾಗಬಾರದು ಎಂದು ಆ ವಾರ ಎಡಗೈ ಬೆರಳು ಮಡಚಿಕೊಂಡೇ ರೊಟ್ಟಿ ಬಡಿದಳಂತೆ.